ಹಳೆಯ ಜೀಪಿನ ಇಂಜಿನಿನಲ್ಲಿ ಮಿಸ್ಸಿಂಗು: ಕಾರಣವನ್ನು ಕಂಡುಹಿಡಿಯುವ ಕ್ರಮ

(ತೋಟಗಾರರ ಸಭೆಯಲ್ಲಿ ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು ಮಾಡಿದ ಉಪನ್ಯಾಸ)



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಾವು ಆ ದಿನವೇ ಅದರ ಬಾಯನ್ನೂ ಗೊರಸನ್ನೂ ಪರೀಕ್ಷಿಸುತ್ತೇವೆ. ಜೀಪಿನ ಇಂಜಿನು ತೊದಲುವುದಕ್ಕೆ ಪ್ರಾರಂಭಿಸಿದರೆ ಮಾತ್ರ, ಹೇಗೂ ಓಡುತ್ತಿದೆಯಲ್ಲಾ ಎಂದು ತಿಂಗಳುಗಟ್ಟಲೆ ಹಾಗೆಯೇ ದುಡಿಸುತ್ತೇವೆ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ವಿಲ್ಲೀಸ್ ಮಾದರಿಯ ಹಳೆಯ ಪೆಟ್ರೋಲ್ ಜೀಪುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಡೀಸೆಲ್ ಇಂಜಿನು ಹಾಕಿಸಿಕೊಂಡವರಿಗೆ ಈ ಉಪನ್ಯಾಸದಿಂದ ಹೆಚ್ಚು ಪ್ರಯೋಜನವಿಲ್ಲ. ಅದರಲ್ಲಿ ಕಿಡಿಯೂ ಇಲ್ಲ, ಪ್ಲಗ್ಗೂ ಇಲ್ಲ.

1945ರಲ್ಲಿ ಅಮೆರಿಕದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪೆನಿಯವರು ಸಿ.ಜೆ.-2ಎ ಎಂಬ ಜೀಪನ್ನು ಬೇಸಾಯವೇ ಮೊದಲಾದ ನಾಗರಿಕ ಕೆಲಸಗಳಿಗಾಗಿ ಹೊರತಂದರು. ಅದರ ಇಂಜಿನಿಗೆ ನಾಲ್ಕು ಸಿಲಿಂಡರುಗಳು. ಅಳತೆ 134 ಘನ ಅಂಗುಲ. ಶಕ್ತಿ 60 ಕುದುರೆಯದು. ಇಂಜಿನು ಒಂದು ನಿಮಿಷಕ್ಕೆ 2000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಿಗೂ ಸೇರಿ 4000 ಕಿಡಿಗಳು ಬೀಳಬೇಕು. ಇವುಗಳಲ್ಲಿ ಕೆಲವು ಬೀಳದೆ ಹೋದರೆ, ಅಥವಾ ಬಿದ್ದರೂ ಸಿಲಿಂಡರಿನೊಳಗಿನ ಮಿಶ್ರಣವು ಉರಿಯದೆ ಹೋದರೆ, ಅದನ್ನೇ ನಮ್ಮ ಮೆಕ್ಯಾನಿಕ್ಕುಗಳು ಮಿಸ್ಸಿಂಗ್ ಎನ್ನುವುದು.

ಇದರಿಂದಾಗುವ ನಷ್ಟವು ಪೆಟ್ರೋಲಿನ ಖರ್ಚಿನಲ್ಲಿಯೇ ಮುಗಿಯುವುದಿಲ್ಲ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಇಂಜಿನಿನ ಎಣ್ಣೆಯನ್ನು ನೀರಾಗಿಸುತ್ತದೆ. ಪಿಸ್ಟನ್ ರಿಂಗುಗಳೂ ಬೇರಿಂಗುಗಳೂ ಸವೆಯುತ್ತವೆ. ಇದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಕಾಫಿ ಮೂಟೆಗಳನ್ನೂ ಆಳುಗಳನ್ನೂ ಹೇರಿಕೊಂಡ ಜೀಪು ಕಡಿದಾದ ಏರಿನ ತಿರುವಿನಲ್ಲಿ ಶಕ್ತಿಗುಂದಿ ನಿಂತು ಹಿಂದಕ್ಕೆ ಜಾರಿದರೆ, ಅದನ್ನು ತಡೆಯುವುದಕ್ಕೆ ಹಳೆಯ ಬ್ರೇಕಿನ ಹೊರತು ಬೇರೇನೂ ಇರುವುದಿಲ್ಲ. ಆದುದರಿಂದ ಮಿಸ್ಸಿಂಗ್ ಇರುವ ಗಾಡಿಗೆ ಹೊರೆ ಹೇರತಕ್ಕದ್ದಲ್ಲ.

ಯಾವುದೇ ಸ್ಪ್ಯಾನರನ್ನು ಮುಟ್ಟುವುದಕ್ಕೆ ಮೊದಲು ಐದು ನಿಮಿಷ ಸುಮ್ಮನೆ ನಿಂತು ಸದ್ದನ್ನು ಕೇಳಿರಿ. ತಪ್ಪು ತಾಳಬದ್ಧವಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಒಂದು ಸಿಲಿಂಡರು ಸತ್ತಿದೆ. ತಾಳವಿಲ್ಲದೆ ಒಮ್ಮೆ ಇತ್ತ ಒಮ್ಮೆ ಅತ್ತ ತಪ್ಪಿದರೆ, ದೋಷವು ನಾಲ್ಕಕ್ಕೂ ಸಾಮಾನ್ಯವಾಗಿರುವ ಭಾಗದಲ್ಲಿದೆ: ಎಂದರೆ ಕಾಯಿಲು, ಪಾಯಿಂಟು, ಕಂಡೆನ್ಸರು, ಬ್ಯಾಟರಿಯ ಅರ್ತ್ ತಂತಿ ಅಥವಾ ಪೆಟ್ರೋಲಿನ ಸರಬರಾಜು. ಈ ಒಂದು ಭೇದವನ್ನು ಕಿವಿಯಿಂದ ತಿಳಿದುಕೊಂಡವನಿಗೆ ಅರ್ಧ ಕೆಲಸ ಮುಗಿಯಿತು. ನಮ್ಮಲ್ಲಿ ಮೊಟ್ಟಮೊದಲು ಕಾರ್ಬುರೇಟರನ್ನು ಬಿಚ್ಚಿ ಹರಡುವ ಅಭ್ಯಾಸವೊಂದಿದೆ. ಅದು ಕಡೆಯಲ್ಲಿ ಮಾಡತಕ್ಕ ಕೆಲಸವೆಂದು ನನ್ನ ದೃಢವಾದ ಅಭಿಪ್ರಾಯ.

ಸತ್ತ ಸಿಲಿಂಡರು ಯಾವುದೆಂದು ತಿಳಿಯಲು, ಇಂಜಿನನ್ನು ನಿಲ್ಲಿಸಿ ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಇಂಜಿನಿನ ಬರಿಯ ಕಬ್ಬಿಣಕ್ಕೆ ತಾಗಿಸಿ ಕಟ್ಟಿ, ಮತ್ತೆ ಇಂಜಿನನ್ನು ನಡೆಸಿರಿ. ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ಒಳ್ಳೆಯದು. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳನು ಸಿಕ್ಕಿದಂತೆಯೇ. ಹೀಗೆ ಒಂದೊಂದನ್ನೂ ನೋಡತಕ್ಕದ್ದು. ನಡೆಯುತ್ತಿರುವ ಇಂಜಿನಿನಲ್ಲಿ ತಂತಿಯನ್ನು ಬರಿಗೈಯಿಂದ ಕೀಳಬಾರದು. ಪೆಟ್ರೋಲು ಸೋರುತ್ತಿರುವ ಗಾಡಿಯಲ್ಲಿ ಕಿಡಿಯ ಪರೀಕ್ಷೆಯನ್ನು ಮಾಡಲೇಬಾರದು.

ಬಳಿಕ ಆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ತುದಿಯು ತಿಳಿಗಂದು ಬಣ್ಣವಾಗಿದ್ದರೆ ಆರೋಗ್ಯ. ಒಣಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆಯಿಂದ ಒದ್ದೆಯಾಗಿ ಕಪ್ಪಾಗಿದ್ದರೆ ರಿಂಗುಗಳು ಸವೆದಿರಬಹುದು. ಪೆಟ್ರೋಲಿನಿಂದ ತೊಯ್ದಿದ್ದರೆ ಅಲ್ಲಿ ಕಿಡಿಯೇ ಬೀಳುತ್ತಿಲ್ಲ. ತುದಿಗಳ ಮಧ್ಯದ ಅಂತರವು ಅಂಗುಲದ ಸಾವಿರದಲ್ಲಿ 30 ಪಾಲು, ಎಂದರೆ ಸುಮಾರು ಮುಕ್ಕಾಲು ಮಿಲಿಮೀಟರು ಇರಬೇಕು. ಈ ಪ್ಲಗ್ಗನ್ನು ಒಳ್ಳೆಯ ಸಿಲಿಂಡರಿಗೂ ಅದರದನ್ನು ಇಲ್ಲಿಗೂ ಬದಲಾಯಿಸಿರಿ. ತಪ್ಪು ಪ್ಲಗ್ಗಿನ ಜೊತೆಯಲ್ಲಿ ಹೋದರೆ ಹೊಸ ಪ್ಲಗ್ಗಿನಿಂದ ಕಾರ್ಯ ತೀರಿತು. ಹೋಗದಿದ್ದರೆ ಇದೇ ಕ್ರಮದಲ್ಲಿ ತಂತಿಯನ್ನು ಪರೀಕ್ಷಿಸಿರಿ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಸೀಸದ ಕಡ್ಡಿಯಿಂದ ಎಳೆದಂತೆ ಸಣ್ಣ ಕಪ್ಪು ಗೆರೆಯಿದ್ದರೆ, ಕಿಡಿಯು ಆ ದಾರಿಯಿಂದ ಸೋರಿಹೋಗುತ್ತಿದೆ; ಮುಚ್ಚಳವನ್ನೇ ಬದಲಾಯಿಸಬೇಕು. ಮಳೆಗಾಲದಲ್ಲಿ ಗೆರೆಯಿಲ್ಲದಿದ್ದರೂ ಬರಿಯ ತೇವದಿಂದಲೇ ಹೀಗಾಗುವುದುಂಟು. ಕತ್ತಲಾದ ಮೇಲೆ ಬಾನೆಟ್ಟನ್ನು ಎತ್ತಿ ನೋಡಿದರೆ ತಂತಿಗಳ ಮೇಲೆ ನೀಲಿಯ ಮಿಣುಕು ಕಾಣುತ್ತದೆ.

ತಂತಿಗಳನ್ನು ಮತ್ತೆ ಜೋಡಿಸುವಾಗ ಕ್ರಮವನ್ನು ಮರೆಯಬೇಡಿರಿ. ರೇಡಿಯೇಟರಿನ ಕಡೆಯದು ಒಂದನೆಯ ಸಿಲಿಂಡರು. ಕಿಡಿಯ ಸರದಿ 1, 3, 4, 2. ರೋಟರು ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ.

ಇನ್ನು ಪಾಯಿಂಟು ಮತ್ತು ಕಂಡೆನ್ಸರು. ಪಾಯಿಂಟಿನ ಅಂತರವು ಅಂಗುಲದ ಸಾವಿರದಲ್ಲಿ 20 ಪಾಲು. ಪಾಯಿಂಟು ಪದೇ ಪದೇ ಸುಟ್ಟು ಗುಳಿಬೀಳುತ್ತಿದ್ದರೆ ಅದನ್ನು ಉಜ್ಜುವುದರಿಂದ ಫಲವಿಲ್ಲ, ಕಂಡೆನ್ಸರನ್ನು ಸಂದೇಹಪಡಬೇಕು. ಒಂದು ತೋಟದ ಜೀಪು ಬೆಳಿಗ್ಗೆ ಸರಿಯಾಗಿ ಹೊರಟು, ನಾಲ್ಕು ಮೈಲಿ ಹೋಗುವಷ್ಟರಲ್ಲಿ ಗುಟುರು ಹಾಕುತ್ತಾ ನಿಲ್ಲುತ್ತಿದ್ದಿತು. ಅರ್ಧ ಗಂಟೆ ತಣಿದರೆ ಮತ್ತೆ ನಡೆಯುತ್ತಿದ್ದಿತು. ಎರಡು ಸಲ ಕಾರ್ಬುರೇಟರಿಗೆ ಹಣ ಕೊಟ್ಟದ್ದಾಗಿತ್ತು. ಕಾದಾಗ ಮಾತ್ರ ಕೆಡುವ ಆ ಸ್ವಭಾವವು ಕಂಡೆನ್ಸರಿನಲ್ಲಿಯೂ ಕಾಯಿಲಿನಲ್ಲಿಯೂ ಸಾಮಾನ್ಯ. ಕಂಡೆನ್ಸರನ್ನು ಬದಲಾಯಿಸಿದ ಸಂಜೆಯೇ ಅದು ಹೊರೆಯೊಡನೆ ಏರನ್ನು ಹತ್ತಿತು.

ಸಮತಟ್ಟಿನಲ್ಲಿ ಸರಿಯಾಗಿದ್ದು ಏರಿನಲ್ಲಿ ಮಾತ್ರ ತಪ್ಪಿದರೆ ಪೆಟ್ರೋಲಿನ ದಾರಿಯನ್ನೂ ನೋಡಬೇಕು. ಸಿ.ಜೆ.-2ಎ ಜೀಪಿನ ಟ್ಯಾಂಕು ಚಾಲಕನ ಆಸನದ ಕೆಳಗಿದೆ. ಅದರ ತುಕ್ಕೂ ನೀರೂ ಪಂಪಿನ ಗಾಜಿನ ಬಟ್ಟಲಿನಲ್ಲಿ ಕಣ್ಣಿಗೆ ಕಾಣುವಂತೆ ನಿಲ್ಲುತ್ತವೆ. 2025ರ ವೇಳೆಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿಗೆ ನೂರಕ್ಕೆ 20ರವರೆಗೆ ಎಥನಾಲ್ ಸೇರಿದೆ. ಅದು ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಳೆಯ ಕಾಲದ ರಬ್ಬರಿನ ಕೊಳವೆಗಳೂ ಪಂಪಿನ ಡಯಾಫ್ರಮ್ಮೂ ಅದರಿಂದ ಕೆಡುತ್ತವೆ. ಮಳೆಗಾಲದಲ್ಲಿ ಜೀಪನ್ನು ಸುಮ್ಮನೆ ನಿಲ್ಲಿಸುವವರು ಇದನ್ನು ಗಮನಿಸತಕ್ಕದ್ದು.

ಕಿಡಿಯೂ ಪೆಟ್ರೋಲೂ ಸರಿಯಾಗಿದ್ದು ಒಂದು ಸಿಲಿಂಡರು ಇನ್ನೂ ಸತ್ತೇ ಇದ್ದರೆ ಕಂಪ್ರೆಷನ್ ಅಳೆಯಿಸಿರಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚೆ ಇಂಜಿನ್ ಎಣ್ಣೆಯನ್ನು ಹಾಕಿ ಮತ್ತೆ ಅಳೆದಾಗ ಒತ್ತಡವು ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಂದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ಟು ಹೋಗಿದೆ. ವಾಲ್ವಿನ ವಿಷಯದಲ್ಲಿ ಜನರಲ್ಲಿ ಒಂದು ಭ್ರಮೆಯಿದೆ: ಟಕಟಕ ಸದ್ದಿಲ್ಲದ ಇಂಜಿನು ಉತ್ತಮವೆಂದು. ಈ ಇಂಜಿನಿನಲ್ಲಿ ಟ್ಯಾಪೆಟ್ಟಿಗೂ ವಾಲ್ವಿಗೂ ಮಧ್ಯೆ, ತಣ್ಣಗಿರುವಾಗ, ಅಂಗುಲದ ಸಾವಿರದಲ್ಲಿ 16 ಪಾಲು ಸಂದು ಇರಬೇಕು. ವಾಲ್ವು ಕೂರುವ ಜಾಗವು ಸವೆದಂತೆ ಈ ಸಂದು ಕಿರಿದಾಗುತ್ತದೆ, ಸದ್ದು ಅಡಗುತ್ತದೆ, ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ದೋಷವನ್ನು ತೀರಿಸಿದ ಮೇಲೆ ಎಣ್ಣೆಯ ಕಡ್ಡಿಯನ್ನು ಮೂಸಿನೋಡಿರಿ. ಪೆಟ್ರೋಲಿನ ವಾಸನೆಯಿದ್ದರೆ ಎಣ್ಣೆಯನ್ನು ಪೂರ್ತಿ ಬದಲಾಯಿಸಿದ ಹೊರತು ಗಾಡಿಗೆ ಹೊರೆ ಹೇರತಕ್ಕದ್ದಲ್ಲ.