ರಗ್ಗು ಒಗೆಯೋಕೆ ಮುಂಚೆ ಅದು ಯಾವ ದಾರದ್ದು ಅಂತ ನೋಡಿ

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ಎಲ್ಲೇ ಇರಲಿ, ನಮ್ಮಲ್ಲಿ ಬಹಳ ಜನ ಬಾಡಿಗೆ ಫ್ಲ್ಯಾಟ್‌ನವರು. ಸೋಫಾ ಮುಂದೆ ಒಂದು ರಗ್ಗು ಇರುತ್ತೆ, ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ತರಿಸಿದ್ದು. ಊರಲ್ಲಾದರೆ ಹತ್ತಿಯ ಜಮಖಾನ. ಕೊಡವಿ, ಒಗೆದು, ಹಿತ್ತಿಲ ತಂತಿ ಮೇಲೆ ಎಸೆದರೆ ಮುಗೀತು. ಇಲ್ಲಿ ರಗ್ಗೂ ಬೇರೆ, ಹಿತ್ತಿಲೂ ಇಲ್ಲ. ಆದರೆ ಮಗು ಅಂಬೆಗಾಲಿಡೋದು ಅದರ ಮೇಲೇನೇ, ನಾವು ತಟ್ಟೆ ಹಿಡ್ಕೊಂಡು ಕೂರೋದೂ ಅದರ ಮೇಲೇನೇ. ಮನೇಲಿ ಯಾರಿಗಾದರೂ ಧೂಳಿನ ಅಲರ್ಜಿ, ಉಬ್ಬಸ ಇದ್ದರೆ ಇದು ಬರೀ ಅಂದದ ವಿಷಯ ಅಲ್ಲ.

ಮೊದಲು ರಗ್ಗನ್ನ ತಿರುಗಿಸಿ ಲೇಬಲ್ ನೋಡಿ. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್, ನೈಲಾನ್, ಈ ಮೂರರಲ್ಲಿ ಒಂದಾದರೆ ಮನೇಲೇ ನೋಡ್ಕೋಬಹುದು. ಲೇಬಲ್ ಇಲ್ವಾ? ಅಂಚಿನಿಂದ ಒಂದೆರಡು ಎಳೆ ಕತ್ತರಿಸಿ, ಒಂದು ಹನಿ ಡಿಶ್‌ವಾಶ್ ಲಿಕ್ವಿಡ್ ಹಾಕಿದ ನೀರಲ್ಲಿ ಅದುಮಿ, ಗಾಳಿಗುಳ್ಳೆ ಹೋದಮೇಲೆ ಬಿಡಿ. ಮೇಲೆ ತೇಲಿದರೆ ಪಾಲಿಪ್ರೊಪಿಲೀನ್. ಅದು ನೀರಿಗಿಂತ ಹಗುರ. ಪಾಲಿಯೆಸ್ಟರ್, ನೈಲಾನ್ ಮುಳುಗುತ್ತವೆ.

ಒಂದು ಎಚ್ಚರಿಕೆ. ಲೇಬಲ್ ಮೇಲೆ 'ವಿಸ್ಕೋಸ್' ಅಂತಿದ್ದರೆ ನೀರು ಹಾಕಬೇಡಿ. 'ಆರ್ಟ್ ಸಿಲ್ಕ್', 'ಬ್ಯಾಂಬೂ ಸಿಲ್ಕ್' ಅಂತ ಮಾರೋದೂ ಸಾಮಾನ್ಯವಾಗಿ ಇದೇ. ನೋಡೋಕೆ ಸಿಂಥೆಟಿಕ್ ತರಹ ಮಿನುಗುತ್ತೆ, ಆದರೆ ಒದ್ದೆಯಾದಾಗ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತೆ. ಉಜ್ಜಿದರೆ ಎಳೆ ಕಿತ್ತು ಬರುತ್ತೆ. ಅದನ್ನ ತಿಳಿದವರ ಕೈಗೇ ಕೊಡಿ.

ಈಗ ಸಿಂಥೆಟಿಕ್ ದಾರದ ಸ್ವಭಾವ. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ನೀರನ್ನ ಕುಡಿಯೋದೇ ಇಲ್ಲ ಅನ್ನಬಹುದು, ಆದರೆ ಎಣ್ಣೆ ಅಂದರೆ ಅಂಟಿಕೊಳ್ಳುತ್ತವೆ. ಬಾಗಿಲಿಂದ ಸೋಫಾವರೆಗೆ ಬೂದು ಬಣ್ಣದ ದಾರಿ ಮೂಡಿರುತ್ತಲ್ಲ, ಅದು ಅಂಗಾಲಿನ ಜಿಡ್ಡು ಮತ್ತು ಅದಕ್ಕೆ ಹಿಡಿದ ಧೂಳು. ನೈಲಾನ್ ಕತೆ ಬೇರೆ: ಸ್ವಲ್ಪ ನೀರು ಹೀರುತ್ತೆ, ಜೊತೆಗೆ ಕಾಫಿ, ಶರಬತ್ತಿನ ಬಣ್ಣವನ್ನೂ ಹಿಡಿಯುತ್ತೆ. ನೈಲಾನ್‌ಗೆ ಬ್ಲೀಚ್ ಮುಟ್ಟಿಸಲೇಬೇಡಿ, ದಾರವೇ ಹಾಳಾಗುತ್ತೆ.

ವಾರಕ್ಕೆ ಎರಡು ಸಲ ವ್ಯಾಕ್ಯೂಮ್ ಮಾಡಿ, ನಿಧಾನವಾಗಿ, ಎರಡು ದಿಕ್ಕಿಗೆ. ತಿಂಗಳಿಗೊಮ್ಮೆ ರಗ್ಗನ್ನ ಬೋರಲು ಹಾಕಿ ಹಿಂಬದಿಯಿಂದ ಮಾಡಿ. ಎತ್ತಿದಾಗ ನೆಲದ ಮೇಲೆ ಬಿದ್ದಿರೋ ಮರಳು ನೋಡಿ ಆಶ್ಚರ್ಯಪಡ್ತೀರಿ. ಆ ಮರಳೇ ಬುಡದಲ್ಲಿ ಕೂತು ಎಳೆಗಳನ್ನ ಕೊಯ್ಯೋದು. ಉದ್ದ ಕೂದಲಿನ ಶ್ಯಾಗ್ ರಗ್ಗಾದರೆ ತಿರುಗೋ ಬ್ರಷ್ ಬೇಡ.

ಕಲೆ ಬಿದ್ದಾಗ ಉಜ್ಜಬೇಡಿ. ಬಿಳಿ ಬಟ್ಟೆಯಿಂದ ಒತ್ತಿ, ಹೊರಗಿನಿಂದ ಒಳಕ್ಕೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಡಿಶ್‌ವಾಶ್ ಲಿಕ್ವಿಡ್ ಸಾಕು. ಆಮೇಲೆ ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒತ್ತಿ ತೆಗೀರಿ. ಈ ಎರಡನೇ ಹಂತವನ್ನೇ ಎಲ್ಲರೂ ಬಿಡೋದು. ಉಳಿದ ಸೋಪು ಅಂಟಂಟಾಗಿ ಮತ್ತೆ ಧೂಳು ಹಿಡಿಯುತ್ತೆ. 'ತೊಳೆದಮೇಲೆ ಬೇಗ ಕೊಳೆಯಾಗುತ್ತೆ' ಅನ್ನೋ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತೆ. ಬೇಕಿಂಗ್ ಸೋಡಾ, ವಿನೆಗರ್ ಬೆರೆಸಿದರೆ ನೊರೆ ಬರುತ್ತೆ ನಿಜ, ಆದರೆ ಒಂದು ಆಮ್ಲ, ಒಂದು ಕ್ಷಾರ; ಒಂದರ ಶಕ್ತಿಯನ್ನ ಇನ್ನೊಂದು ಕಳೆಯುತ್ತೆ ಅಷ್ಟೇ.

ಇನ್ನು ನಮ್ಮ ಮನೆಗಳ ನಿಜವಾದ ಶತ್ರು, ಸಾರು-ಹುಳಿಯ ಅರಿಶಿನ. ಅದರ ಬಣ್ಣ ಕರ್ಕ್ಯುಮಿನ್; ನೀರಲ್ಲಿ ಕರಗಲ್ಲ, ಎಣ್ಣೆಯಲ್ಲಿ, ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಬಟ್ಟೆ ಒಗೆಯೋ ಪುಡಿ ಹಾಕಿದರೆ ಹಳದಿ ಕಲೆ ಕೆಂಪಾಗುತ್ತೆ. ಕುಂಕುಮ ಮಾಡೋದು ಅರಿಶಿನಕ್ಕೆ ಸುಣ್ಣ ಬೆರೆಸಿ ತಾನೇ? ಅದೇ ರಸಾಯನ ಇದು. ಗಾಬರಿ ಬೇಡ. ಮೊದಲು ಡಿಶ್‌ವಾಶ್ ನೀರಿನಿಂದ ಜಿಡ್ಡು ತೆಗೀರಿ. ಉಳಿದ ಹಳದಿಗೆ ರಬ್ಬಿಂಗ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒತ್ತಿ. ಮೊದಲು ಮೂಲೆಯಲ್ಲಿ ಬಣ್ಣ ಬಿಡುತ್ತಾ ಪರೀಕ್ಷಿಸಿ, ಕಿಟಕಿ ತೆಗೆದಿಡಿ, ಹತ್ತಿರ ದೀಪ, ಊದುಬತ್ತಿ ಬೇಡ. ಕೊನೆಗೆ ಬಿಸಿಲು. ಕರ್ಕ್ಯುಮಿನ್ ಬೆಳಕಿಗೆ ಮಾಸುತ್ತೆ, ಹಾಗಾಗಿ ಎರಡು-ಮೂರು ದಿನ ಒಂದೆರಡು ಗಂಟೆ ಬಿಸಿಲು ಕಾಣಿಸಿ. ವಾರಗಟ್ಟಲೆ ಬಿಟ್ಟರೆ ಪಾಲಿಪ್ರೊಪಿಲೀನ್ ದಾರವೇ ಬಿಸಿಲಿಗೆ ಪೆಡಸಾಗುತ್ತೆ, ನೆನಪಿರಲಿ.

ಪೂರ್ತಿ ತೊಳೆಯೋಕೆ ಮುಂಚೆ ಹಿಂಬದಿ ನೋಡಿ. ಸೆಣಬಿದ್ದರೆ ನೆನೆಸಬೇಡಿ, ಕಂದು ಬಣ್ಣ ಮೇಲೆ ಹತ್ತುತ್ತೆ, ಮುಗ್ಗಲು ವಾಸನೆಯೂ ಬರುತ್ತೆ. ಹಿಂಬದಿಯೂ ಸಿಂಥೆಟಿಕ್ ಆದರೆ ತೊಳೀಬಹುದು, ಆದರೆ ಕಾಲ ನೋಡಿ: ಪುಣೆ, ಮುಂಬೈನಲ್ಲಿ ಜೂನ್‌ನಿಂದ ಸೆಪ್ಟೆಂಬರ್, ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಬೇಡವೇ ಬೇಡ. ದಾರ ನೀರು ಕುಡಿಯದಿದ್ದರೂ ಎಳೆಗಳ ಮಧ್ಯೆ ಬಕೆಟ್‌ಗಟ್ಟಲೆ ನೀರು ನಿಲ್ಲುತ್ತೆ. ಆ ಭಾರವನ್ನ ಮನೆಗೆಲಸದವರೊಬ್ಬರ ಕೈಲಿ ಎತ್ತಿಸಬೇಡಿ, ಬೆನ್ನು ಹಿಡಿಯುತ್ತೆ. ಇಬ್ಬರು ಸೇರಿ ಎತ್ತಿ. ಬಾಲ್ಕನಿ ಕಂಬಿಗೆ ಹಾಕೋ ಮುಂಚೆ ಬಾತ್‌ರೂಮಲ್ಲೇ ಸುತ್ತಿ ನಿಲ್ಲಿಸಿ ನೀರು ಇಳಿಸಿ, ಇಲ್ಲಾಂದ್ರೆ ಕೆಳಗಿನ ಮನೆಯವರ ಬಟ್ಟೆ ನೆನೆಯುತ್ತೆ, ಸೊಸೈಟಿ ಗ್ರೂಪಲ್ಲಿ ಫೋಟೋ ಬರುತ್ತೆ. ಎರಡೂ ಬದಿ ಪೂರ್ತಿ ಒಣಗಿದ ಮೇಲೇ ಹಾಸಿ.

ಇಸ್ತ್ರಿಪೆಟ್ಟಿಗೆ, ಊದುಬತ್ತಿಯ ಕೆಂಡ ದೂರ ಇರಲಿ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ, ಕರಗಿದ್ದು ಸರಿಹೋಗಲ್ಲ. ಸೋಫಾವನ್ನ ಅದರ ಮೇಲೆ ಎಳೆದಾಡಿದರೂ ಉಜ್ಜುವಿಕೆಯ ಶಾಖಕ್ಕೆ ಹೊಳೆಯೋ ಗೆರೆ ಬೀಳುತ್ತೆ.

ಕೊನೆಯದಾಗಿ, ಕೊಳಚೆ ನೀರು ನುಗ್ಗಿದ ರಗ್ಗು, ಬುಡದವರೆಗೆ ಬೂಷ್ಟು ಹಿಡಿದ ರಗ್ಗು, ಇವನ್ನ ಉಳಿಸೋಕೆ ಹೋಗಬೇಡಿ. ಮಗು ಆಡೋ ಜಾಗ ಅದು. ಮಿಕ್ಕಿದ್ದೆಲ್ಲ ಒಂದು ಶನಿವಾರ ಬೆಳಗ್ಗೆ ಆಗೋ ಕೆಲಸ. ಈ ವಾರ ಲೇಬಲ್ ನೋಡೋದರಿಂದ ಶುರು ಮಾಡಿ.