ಹೊನ್ನೆ ಲೋಟದ ನೀರು, ಸಕ್ಕರೆ ಕಾಯಿಲೆ



ಇವತ್ತು ನಾವು ಒಂದು ಲೋಟದ ವಿಷಯ ಮಾತಾಡೋಣ. ಅದು ಹೊನ್ನೆ ಮರದ ಲೋಟ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇದೆ. ಕೆಲವರು ರಾತ್ರಿ ಹೊನ್ನೆ ಲೋಟಕ್ಕೆ ನೀರು ಹಾಕಿಡುತ್ತಾರೆ. ಬೆಳಿಗ್ಗೆ ನೀರು ಬಣ್ಣ ತಿರುಗಿರುತ್ತದೆ. ಅದನ್ನು ಬರಿ ಹೊಟ್ಟೆಗೆ ಕುಡಿಯುತ್ತಾರೆ. "ಇದೇ ಸಾಕು ಬಿಡಿ" ಅಂತ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಇದು ಸರಿಯೇ?

ಮೊದಲು ಮರದ ಗುರುತು ತಿಳಿಯೋಣ. ನಮ್ಮ ತೋಟದ ಬದುವಿನಲ್ಲಿ ಇರುವುದು ಹೊಂಗೆ. ಹೊಂಗೆ ಬೇರೆ, ಹೊನ್ನೆ ಬೇರೆ. ಹೊನ್ನೆ ಕಾಡಿನ ದೊಡ್ಡ ಮರ. ತೊಗಟೆ ಕೊಚ್ಚಿದರೆ ಕೆಂಪು ಅಂಟು ಬರುತ್ತದೆ. ಆಯುರ್ವೇದದಲ್ಲಿ ಇದಕ್ಕೆ ವಿಜಯಸಾರ ಅನ್ನುತ್ತಾರೆ. ಇದರ ಚೇಗನ್ನು ಸಕ್ಕರೆ ಕಾಯಿಲೆಗೆ ಹಿಂದಿನಿಂದಲೂ ಕೊಡುತ್ತಾರೆ.

ಹಾಗಾದರೆ ಹಿರಿಯರ ಮಾತು ನಿಜವೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಇದನ್ನು ಪರೀಕ್ಷೆ ಮಾಡಿದರು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ವಿಜಯಸಾರದ ಔಷಧಿಯನ್ನು 12 ವಾರ ಕೊಟ್ಟು ನೋಡಿದರು. 97 ಜನರಲ್ಲಿ 67 ಜನರ ಸಕ್ಕರೆ ಹತೋಟಿಗೆ ಬಂತು. ಹಿರಿಯರ ಮಾತಿನಲ್ಲಿ ಹುರುಳಿದೆ ಅಂತಾಯಿತು.

ಆದರೆ ಎರಡು ಮಾತು ಗಮನಿಸಿ. ಒಂದು, ಅವರೆಲ್ಲ ಕಾಯಿಲೆ ಹೊಸದಾಗಿ ಕಂಡವರು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಲ್ಲ. ಎರಡು, ಅವರಿಗೆ ಕೊಟ್ಟಿದ್ದು ತೂಕ ಮಾಡಿದ ಔಷಧಿ. ಹೆಚ್ಚಿನವರಿಗೆ ದಿನಕ್ಕೆ 2 ಗ್ರಾಂ. ನಮ್ಮ ಲೋಟದ ನೀರಿನಲ್ಲಿ ಎಷ್ಟು ಔಷಧಿ ಇಳಿದಿದೆ? ಅಳೆದವರು ಯಾರು?

ಇನ್ನೊಂದು ಪ್ರಶ್ನೆ. ಔಷಧಿಯಿಂದಲೇ ಸಕ್ಕರೆ ಇಳಿಯಿತು ಅಂತ ಹೇಗೆ ಹೇಳುವುದು? ತೋಟಕ್ಕೆ ಹೊಸ ಗೊಬ್ಬರ ಹಾಕಿದಿರಿ. ಆ ವರ್ಷ ಮಳೆಯೂ ಚೆನ್ನಾಗಿ ಬಂತು. ಕಾಯಿ ಜಾಸ್ತಿ ಆಯಿತು. ಇದು ಗೊಬ್ಬರದ ಗುಣವೋ, ಮಳೆಯ ಗುಣವೋ? ಒಂದು ಸಾಲಿಗೆ ಹಾಕಿ ಇನ್ನೊಂದು ಸಾಲಿಗೆ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಔಷಧಿಗೂ ಹೀಗೇ ಎರಡು ಸಾಲು ಬೇಕು. ಮೊದಲ ಪರೀಕ್ಷೆಯಲ್ಲಿ ಎರಡನೇ ಸಾಲು ಇರಲಿಲ್ಲ.

ಆಮೇಲೆ ಅದನ್ನೂ ಮಾಡಿದರು. ಕೆಲವರಿಗೆ ವಿಜಯಸಾರ, ಕೆಲವರಿಗೆ ಟಾಲ್‌ಬುಟಮೈಡ್ ಎಂಬ ಹಳೆಯ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. 2005ರಲ್ಲಿ ಇದರ ವರದಿ ಬಂತು. ವಿಜಯಸಾರ ಬಹಳ ಜನರಿಗೆ ಹಿಡಿಸಿತು. ಮಾತ್ರೆಯ ಸಾಲಿನಲ್ಲಿ ಹತೋಟಿಗೆ ಬಂದವರು ಇನ್ನೂ ಸ್ವಲ್ಪ ಹೆಚ್ಚು.

ಈಗ ಬಹಳ ಜನ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಒಂದು ಗಿಡವೇ. ಯುರೋಪಿನ ಗಲೀಗ ಎಂಬ ಗಿಡ. ಆ ಗಿಡ ಹೆಚ್ಚು ಮೇಯ್ದರೆ ಕುರಿಗಳಿಗೆ ವಿಷ. ಅದರಲ್ಲಿನ ವಸ್ತುವನ್ನು ಅಭ್ಯಾಸ ಮಾಡಿ, ಅದರಂಥದೇ ಬೇರೆ ವಸ್ತುವನ್ನು ತಯಾರಿಸಿದರು. 1957ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಜ್ಯಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟ ಫಲ ಪ್ರಕಟಿಸಿದರು. ಗಿಡದಲ್ಲಿ ಗುಣ ಇರಬಹುದು. ಎಷ್ಟು, ಯಾರಿಗೆ, ಅಪಾಯ ಏನು ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು.

"ಪಕ್ಕದ ಮನೆಯವರಿಗೆ ವಾಸಿಯಾಯ್ತಂತೆ" ಅನ್ನುತ್ತೇವೆ. ತಿಪಟೂರು ಮಾರುಕಟ್ಟೆಯಲ್ಲಿ ಒಂದೇ ಕೊಬ್ಬರಿ ನೋಡಿ ಇಡೀ ಲಾಟಿಗೆ ಬೆಲೆ ಕಟ್ಟುತ್ತಾರೆಯೇ? ಇಲ್ಲ. ಇಲ್ಲಿರುವುದು ನಮ್ಮ ಜೀವ.

ಆದ್ದರಿಂದ ಹೀಗೆ ಮಾಡೋಣ. ಡಾಕ್ಟರನ್ನು ಕೇಳದೆ ಮಾತ್ರೆ, ಇನ್ಸುಲಿನ್ ನಿಲ್ಲಿಸಬಾರದು. ಸಕ್ಕರೆ ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಒಳಗೊಳಗೇ ಕಣ್ಣು, ಮೂತ್ರಪಿಂಡ ಕೆಡುತ್ತವೆ. ಕಾಲಿನ ಗಾಯ ಮಾಯುವುದಿಲ್ಲ. ಹೊನ್ನೆ ನೀರು ಕುಡಿಯುವವರು ಅದನ್ನು ಡಾಕ್ಟರಿಗೆ ಹೇಳಬೇಕು. ಮಾತ್ರೆಯ ಜೊತೆ ಅದೂ ಸೇರಿ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಆಮೇಲೆ ಡಾಕ್ಟರನ್ನು ಕಾಣಿ.

ನಾವು ಈಗ ಅಂಕಿ ಬರೆಯಲು ಕಲಿತಿದ್ದೇವೆ. ಒಂದು ಪುಸ್ತಕ ಇಡೋಣ. ರಕ್ತ ಪರೀಕ್ಷೆ ಮಾಡಿಸಿದ ದಿನ ತಾರೀಖು ಹಾಕಿ ಸಕ್ಕರೆ ಎಷ್ಟಿತ್ತು ಅಂತ ಬರೆಯೋಣ. ಊಟಕ್ಕೆ ಮುಂಚೆಯೋ, ಆಮೇಲೋ ಅದನ್ನೂ ಬರೆಯೋಣ. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.