ಓಡಿಸುವುದೋ, ಕಟ್ಟುವುದೋ?

ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಿಕೊಳ್ಳುವುದು ಲೇಸೋ, ಆ ಕೆಲಸಗಳಿಗೆ ಲಿನಕ್ಸ್‌ನದೇ ತಂತ್ರಾಂಶ ಕಟ್ಟುವುದು ಲೇಸೋ ಎಂಬ ಜಗಳಕ್ಕೆ ವೈನ್‌ನಷ್ಟೇ ವಯಸ್ಸು. 1993ರಲ್ಲಿ ಶುರುವಾದ ವೈನ್, ಪ್ರೋಗ್ರಾಂ ವಿಂಡೋಸ್‌ನಿಂದ ಬೇಡುವ ಸೇವೆಗಳನ್ನು ಲಿನಕ್ಸ್‌ನಿಂದ ಮಾಡಿಸಿಕೊಡುತ್ತದೆ. ಇದನ್ನು ಒಪ್ಪದವರು ಐಬಿಎಂನ ಕಾರ್ಯಾಚರಣ ವ್ಯವಸ್ಥೆ ಓಎಸ್/2 ಕಡೆ ಬೆರಳು ತೋರಿಸುತ್ತಾರೆ. 1992ರ ಅದರ 2.0 ಆವೃತ್ತಿ ವಿಂಡೋಸ್ ಪ್ರೋಗ್ರಾಂಗಳನ್ನು ಚೆನ್ನಾಗಿಯೇ ಓಡಿಸಿತು. ವಿಂಡೋಸ್‌ಗೆ ಬರೆದದ್ದೇ ಎರಡೂ ಕಡೆ ನಡೆಯುವಾಗ ಓಎಸ್/2ಗೆಂದು ಬೇರೆ ಯಾರು ಬರೆದಾರು?

ವಾದ ಗಟ್ಟಿಯಾಗಿದೆ, ಆದರೆ ಲಿನಕ್ಸ್‌ಗೆ ಪೂರ್ತಿ ಹೊಂದುವುದಿಲ್ಲ. ಓಎಸ್/2 ಮಾರಾಟದ ಸರಕು. ಕೊಳ್ಳುವವರಿಲ್ಲದಾಗ ಕಂಪನಿ ಕೈಬಿಟ್ಟಿತು. ಲಿನಕ್ಸ್ ಅನ್ನು ಹಾಗೆ ಕೈಬಿಡಲು ಒಬ್ಬ ಒಡೆಯನಿಲ್ಲ. ಆಟಗಳ ಲೋಕವನ್ನೇ ನೋಡಿ. ವಾಲ್ವ್ ಕಂಪನಿ 2013ರಲ್ಲಿ ತನ್ನ ಆಟಗಳ ಮಳಿಗೆ ಸ್ಟೀಮ್ ಅನ್ನು ಲಿನಕ್ಸ್‌ಗೆ ತಂದು, ತಯಾರಕರು ಲಿನಕ್ಸ್‌ಗೂ ಬರೆಯಲಿ ಎಂದು ಕಾದಿತು. 2015ರಲ್ಲಿ ಲಿನಕ್ಸ್‌ನಲ್ಲಿ ಆಟ ಆಡಲೆಂದೇ ಬಂದ ಯಂತ್ರಗಳೂ ಸೋತವು. 2018ರಲ್ಲಿ ವೈನ್ ಆಧರಿಸಿದ ಪ್ರೋಟಾನ್ ಬಂದ ಮೇಲಷ್ಟೇ, 2022ರಲ್ಲಿ ಬಂದ ವಾಲ್ವ್‌ನ ಕೈಯಂತ್ರ ಸ್ಟೀಮ್ ಡೆಕ್‌ಗೆ ಆಡಲು ಆಟಗಳು ಸಿಕ್ಕವು. ಅಂದರೆ ಬರಲಿದ್ದ ಆಟಗಳನ್ನು ವೈನ್ ತಡೆಯಲಿಲ್ಲ. ಅವು ಮೊದಲೇ ಬರುತ್ತಿರಲಿಲ್ಲ.

ಹಾಗೆಂದು ಈ ತೀರ್ಮಾನವನ್ನು ಬರವಣಿಗೆಗೆ, ಮುದ್ರಣಕ್ಕೆ ನಾನು ಹಿಗ್ಗಿಸಲಾರೆ. ಆಟ ಮುಗಿದರೆ ಮುಗಿಯಿತು. ಪುಸ್ತಕದ ಕಡತವನ್ನು ಮೂವತ್ತು ವರ್ಷದ ನಂತರವೂ ತೆರೆಯಬೇಕು. ಕನ್ನಡದ ಡಿಟಿಪಿ ಬಹುಕಾಲ ನೆಚ್ಚಿಕೊಂಡದ್ದು ಪೇಜ್‌ಮೇಕರ್ ಅನ್ನು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ಪುಟಗಳ ಕನ್ನಡ ನಿಂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಹಳೆಯ ಫಾಂಟುಗಳ ಮೇಲೆ. ಫಾಂಟ್ ಇಲ್ಲದಿದ್ದರೆ ಕಾಣುವುದು ಬರೀ ಕಲಸುಮೇಲೋಗರ. ಹಳೆಯ ಕಡತ ತೆರೆಯಲು ವೈನ್ ಇರಲಿ, ಅದು ಉಪಕಾರವೇ. ಆದರೆ ವೈನ್ ಎಷ್ಟೇ ಸುಧಾರಿಸಿದರೂ ಪೇಜ್‌ಮೇಕರ್‌ಗೆ ಯುನಿಕೋಡ್ ಬರುವುದಿಲ್ಲ. ಪುಟ ಜೋಡಿಸುವ ಲಿನಕ್ಸ್‌ನ ತಂತ್ರಾಂಶ ಸ್ಕ್ರೈಬಸ್ ಕನ್ನಡಕ್ಕೆ ಒದಗುತ್ತಿರಲಿಲ್ಲವಲ್ಲ ಎಂದು ಕೇಳಬಹುದು. ನಿಜ, 1.4 ಆವೃತ್ತಿಯ ತನಕ ಅದರಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ಅರಬ್ಬೀ ಬರಹಕ್ಕಾಗಿ ಓಮಾನ್‌ನ ಅಭಿವರ್ಧಕರು ಕೈಹಾಕಿ ಆ ಭಾಗವನ್ನು ತಿದ್ದಿದರು. 2024ರ ಸ್ಥಿರ ಆವೃತ್ತಿ 1.6ರಲ್ಲಿ ಅದರ ಫಲ ಭಾರತದ ಲಿಪಿಗಳಿಗೂ ಸಿಕ್ಕಿತು. ಆಕರ ಸಂಕೇತ ಮುಚ್ಚಿರುವ ಪೇಜ್‌ಮೇಕರ್‌ನ ಒಳಗೆ ಹಾಗೆ ಕೈಹಾಕಲು ಓಮಾನ್‌ನವರಿಗೂ ಆಗದು, ನಮಗೂ ಆಗದು.